ಉಗುರುಬಣ್ಣ ಮತ್ತು ಮೇಕಪ್: ಹಚ್ಚಿ ನೋಡಿ ವಿಮರ್ಶೆ ಬರೆಯುವ ಬಗೆ

ಹೊಸ ನೇಲ್ ಪಾಲಿಶ್ ಅಥವಾ ಲಿಪ್‌ಸ್ಟಿಕ್ ಒಂದನ್ನು ಹಚ್ಚಿ ನೋಡಿ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಮೇಲ್ನೋಟಕ್ಕೆ ಸುಲಭದ ಹವ್ಯಾಸದಂತೆ ಕಾಣುತ್ತದೆ. ಆದರೆ ಓದುವವರು ಆ ಮಾತನ್ನು ನಂಬಿ ಹಣ ಖರ್ಚು ಮಾಡುತ್ತಾರೆ, ಆ ವಸ್ತುವನ್ನು ತಮ್ಮ ಚರ್ಮಕ್ಕೆ ಹಚ್ಚಿಕೊಳ್ಳುತ್ತಾರೆ. ಆದ್ದರಿಂದ ‘ಚೆನ್ನಾಗಿದೆ’, ‘ಬಹಳ ಹೊತ್ತು ನಿಲ್ಲುತ್ತದೆ’ ಎಂಬ ತೀರ್ಪಿಗಿಂತ, ಎಂತಹ ಉಗುರಿನ ಮೇಲೆ ಎಷ್ಟು ಪದರ ಹಚ್ಚಿದಿರಿ, ಯಾವ ಬೆಳಕಿನಲ್ಲಿ ನೋಡಿದಿರಿ, ಅದನ್ನು ಹಚ್ಚಿಕೊಂಡು ಏನೇನು ಕೆಲಸ ಮಾಡಿದಿರಿ ಎಂಬ ವಿವರಗಳೇ ವಿಮರ್ಶೆಯ ಜೀವಾಳ. ನಿಮಗಿಂತ ಬೇರೆ ಬಗೆಯ ಚರ್ಮ ಅಥವಾ ಉಗುರು ಇರುವವರು ಆ ವಿವರಗಳನ್ನು ತಮಗೆ ಹೊಂದಿಸಿಕೊಂಡು ಓದಬಲ್ಲರು. ಬರಿಯ ತೀರ್ಪಿನಿಂದ ಅವರಿಗೆ ಏನೂ ಸಿಗುವುದಿಲ್ಲ.

ಇದಕ್ಕಾಗಿ ಮೊದಲೇ ರಾಶಿ ರಾಶಿ ವಸ್ತುಗಳನ್ನು ಕೊಳ್ಳಬೇಕಾಗಿಲ್ಲ. ಈಗಾಗಲೇ ನಿಮ್ಮ ಬಳಿ ಇರುವ, ಗುಣದೋಷಗಳೆರಡೂ ಚೆನ್ನಾಗಿ ಗೊತ್ತಿರುವ ಒಂದು ನೇಲ್ ಪಾಲಿಶ್, ಒಂದು ಫೌಂಡೇಶನ್ (ಮುಖದ ಬಣ್ಣವನ್ನು ಸಮಗೊಳಿಸುವ ಲೇಪ) ಮತ್ತು ಒಂದು ಲಿಪ್‌ಸ್ಟಿಕ್ಕನ್ನು ಅಳತೆಗೋಲಾಗಿ ಆರಿಸಿಕೊಳ್ಳಿ. ಹೊಸದನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಮ್ಮೆಗೆ ಒಂದೇ ಹೊಸ ವಸ್ತುವನ್ನು ಪರೀಕ್ಷಿಸಿ. ಹೊಸ ಪ್ರೈಮರ್ (ಫೌಂಡೇಶನ್ನಿಗೂ ಮುಂಚೆ ಹಚ್ಚುವ ತಳಪದರ), ಹೊಸ ಫೌಂಡೇಶನ್ ಮತ್ತು ಹೊಸ ಪೌಡರನ್ನು ಒಂದೇ ದಿನ ಹಚ್ಚಿದರೆ, ಸಂಜೆಯ ಹೊತ್ತಿಗೆ ಮುಖದ ಮೇಲೆ ಕಂಡ ಒಡಕಿಗೆ ಯಾವುದು ಕಾರಣವೆಂದು ಯಾರಿಗೂ ಹೇಳಲು ಬಾರದು. ಒಂದು ನೋಟ್‌ಬುಕ್ಕಿನಲ್ಲಿ ವಸ್ತುವಿನ ಹೆಸರು, ಶೇಡ್ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಮುಚ್ಚಳ ತೆರೆದ ದಿನಾಂಕವನ್ನು ಬರೆದಿಡಿ. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಜಾಡಿಯ ಚಿಕ್ಕ ಚಿತ್ರವೂ ಅದರಲ್ಲಿ ‘6ಎಂ’ ಅಥವಾ ‘12ಎಂ’ ಎಂಬ ಗುರುತೂ ಇದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ತೆರೆದ ದಿನವೇ ನೆನಪಿರದಿದ್ದರೆ ಆ ಗುರುತಿನಿಂದ ಪ್ರಯೋಜನವಿಲ್ಲ.

ಪದೇ ಪದೇ ಹೊಸ ವಸ್ತುಗಳನ್ನು ಹಚ್ಚುವವರಿಗೆ ಅಲರ್ಜಿಯ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಬಾರಿ ಎದುರಾಗುತ್ತದೆ. ಆದ್ದರಿಂದ ಮುಖಕ್ಕೆ ಹಚ್ಚುವ ಮುನ್ನ ಮುಂದೋಳಿನ ಒಳಭಾಗದಲ್ಲಿ ಒಂದು ಚಿಕ್ಕ ಜಾಗ ಗುರುತಿಸಿಕೊಂಡು, ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಅಲ್ಲಿಗೇ ಹಚ್ಚಿ ನೋಡುವುದು ಒಳ್ಳೆಯದು. ಅಲರ್ಜಿಯ ಪ್ರತಿಕ್ರಿಯೆ ಹಲವೊಮ್ಮೆ ತಡವಾಗಿ ಬರುವುದರಿಂದ, ಒಂದು ಬಾರಿ ಹಚ್ಚಿ ಅರ್ಧ ಗಂಟೆ ಕಾದು ಏನೂ ಆಗಲಿಲ್ಲವೆಂದು ನಿರ್ಧರಿಸಬಾರದು. ತುರಿಕೆ, ಕೆಂಪು ಅಥವಾ ಊತ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ವಿಮರ್ಶೆಯ ಸಲುವಾಗಿ ಇನ್ನೂ ಒಂದು ದಿನ ನೋಡೋಣ ಎನ್ನಬೇಡಿ.

ನೇಲ್ ಪಾಲಿಶ್ ಬಗ್ಗೆ ಬರೆಯುವವರಿಗೆ ಅದು ಹೇಗೆ ಒಣಗುತ್ತದೆ ಎಂಬುದು ತಿಳಿದಿದ್ದರೆ ಬಹಳಷ್ಟು ಗೊಂದಲ ತಾನಾಗಿಯೇ ಬಗೆಹರಿಯುತ್ತದೆ. ಸಾಮಾನ್ಯ ಪಾಲಿಶ್‌ನಲ್ಲಿ ಪೊರೆ ಕಟ್ಟುವ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಅದನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಮುಂತಾದ ದ್ರಾವಕಗಳು ದ್ರವರೂಪದಲ್ಲಿ ಇಟ್ಟಿರುತ್ತವೆ. ಹಚ್ಚಿದ ಮೇಲೆ ದ್ರಾವಕ ಆವಿಯಾಗಿ ಹೋಗಿ ಪೊರೆ ಮಾತ್ರ ಉಳಿಯುತ್ತದೆ. ಪದರ ದಪ್ಪವಾದರೆ ಮೇಲ್ಭಾಗ ಮೊದಲು ಗಟ್ಟಿಯಾಗಿ ಒಳಗಿನ ದ್ರಾವಕ ಸಿಕ್ಕಿಹಾಕಿಕೊಳ್ಳುತ್ತದೆ. ಗುಳ್ಳೆಗಳು ಮೂಡುವುದಕ್ಕೂ, ರಾತ್ರಿ ಮಲಗಿ ಎದ್ದಾಗ ಉಗುರಿನ ಮೇಲೆ ಹೊದಿಕೆಯ ನೇಯ್ಗೆಯ ಅಚ್ಚು ಮೂಡಿರುವುದಕ್ಕೂ ಮುಖ್ಯ ಕಾರಣ ಇದೇ. ಮುಟ್ಟಿದರೆ ಅಂಟುವುದಿಲ್ಲ ಎನ್ನುವ ಸ್ಥಿತಿ ಬೇರೆ, ಪೂರ್ತಿ ಗಟ್ಟಿಯಾದ ಸ್ಥಿತಿ ಬೇರೆ. ಮೊದಲನೆಯದಕ್ಕೆ ನಿಮಿಷಗಳು ಸಾಕು, ಎರಡನೆಯದಕ್ಕೆ ಗಂಟೆಗಳೇ ಬೇಕು. ‘ಬೇಗ ಒಣಗುತ್ತದೆ’ ಎಂದು ಬರೆಯುವಾಗ ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೀರಿ ಎಂಬುದನ್ನು ಸ್ಪಷ್ಟಪಡಿಸಿ.

ಹಚ್ಚುವ ಮುನ್ನ ಹಳೆಯ ಬಣ್ಣವನ್ನು ತೆಗೆದು, ಉಗುರಿನ ಮೇಲಿನ ಎಣ್ಣೆಯ ಅಂಶವನ್ನು ರಿಮೂವರಿನಿಂದ ಒರೆಸಿ. ಸ್ನಾನ ಮಾಡಿದ ಅಥವಾ ಪಾತ್ರೆ ತೊಳೆದ ಕೂಡಲೇ ಹಚ್ಚಬೇಡಿ. ಉಗುರು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಅದರ ಮೇಲಿನ ಬಣ್ಣ ಸಡಿಲವಾಗುತ್ತದೆ. ಬೇಸ್ ಕೋಟ್ (ಬಣ್ಣಕ್ಕೂ ಮುಂಚೆ ಉಗುರಿಗೆ ಹಚ್ಚುವ ತಳಪದರ) ಬಿಟ್ಟು ಪರೀಕ್ಷೆ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಗಾಢ ಕೆಂಪು ಮತ್ತು ಕಡು ನೀಲಿಯಂತಹ ಬಣ್ಣಗಳು ಉಗುರಿನ ಮೇಲೆ ಕಲೆ ಉಳಿಸುವುದುಂಟು, ಆ ಕಲೆ ಉಗುರು ಬೆಳೆದು ಮುಂದೆ ಸರಿಯುವವರೆಗೂ ಹೋಗದಿರಬಹುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಎಲ್ಲ ಪರೀಕ್ಷೆಗೂ ಒಂದೇ ಬೇಸ್ ಕೋಟ್, ಒಂದೇ ಟಾಪ್ ಕೋಟ್ (ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಪದರ) ಬಳಸಿ, ಅವುಗಳ ಹೆಸರನ್ನೂ ಬರೆಯಿರಿ.

ಬಾಟಲಿಯನ್ನು ಅಂಗೈಗಳ ನಡುವೆ ಚೆನ್ನಾಗಿ ಉರುಳಿಸಿದ ನಂತರ ಬ್ರಷ್ಷನ್ನು ಹೊರತೆಗೆಯುವಾಗ ಅದರ ಒಂದು ಮುಖವನ್ನು ಬಾಟಲಿಯ ಕತ್ತಿಗೆ ಒರೆಸಿ. ಇನ್ನೊಂದು ಮುಖದ ತುದಿಯಲ್ಲಿ ಒಂದೇ ಒಂದು ಹನಿ ಉಳಿದಿರಬೇಕು. ಆ ಹನಿಯನ್ನು ಉಗುರಿನ ಬುಡದಿಂದ ಕೂದಲೆಳೆಯಷ್ಟು ಮುಂದಕ್ಕೆ ಇಟ್ಟು, ಮೆಲ್ಲಗೆ ಬುಡದ ಕಡೆ ಒತ್ತಿದರೆ ಬ್ರಷ್ಷಿನ ಕೂದಲು ಅರ್ಧಚಂದ್ರಾಕಾರವಾಗಿ ಹರಡಿಕೊಳ್ಳುತ್ತದೆ. ಅಲ್ಲಿಂದ ತುದಿಯವರೆಗೆ ಒಂದು ಎಳೆತ, ಎಡಕ್ಕೊಂದು, ಬಲಕ್ಕೊಂದು. ಕೊನೆಯಲ್ಲಿ ಉಗುರಿನ ಹೊರಅಂಚಿಗೂ ಬಣ್ಣ ತಾಗಿಸಬೇಕು. ಒಣಗುವಾಗ ಪೊರೆ ಸ್ವಲ್ಪ ಕುಗ್ಗುತ್ತದೆ, ಕೆಲವು ಟಾಪ್ ಕೋಟ್‌ಗಳಂತೂ ಕೆಳಗಿನ ಬಣ್ಣವನ್ನೂ ಹಿಂದಕ್ಕೆ ಎಳೆದು ತುದಿಯಲ್ಲಿ ಸಣ್ಣ ಬೋಳು ಗೆರೆಯೊಂದನ್ನು ಬಿಡುತ್ತವೆ. ಆ ಗೆರೆ ಕಂಡರೆ ಅದನ್ನು ವಿಮರ್ಶೆಯಲ್ಲಿ ಹೇಳಲೇಬೇಕು, ಏಕೆಂದರೆ ಅಂಗಡಿಯಲ್ಲಿ ಬಾಟಲಿ ನೋಡಿ ಇದನ್ನು ಯಾರೂ ಊಹಿಸಲಾರರು.

ಎಷ್ಟು ಪದರಕ್ಕೆ ಉಗುರಿನ ಬಿಳಿ ಅಂಚು ಕಾಣದಂತಾಯಿತು ಎಂಬುದು ಓದುಗರು ಮೊದಲು ಹುಡುಕುವ ಮಾಹಿತಿ. ಆದರೆ ಇದನ್ನು ಪಾಲಿಶ್‌ನ ಬಗೆ ನೋಡಿ ಅಳೆಯಬೇಕು. ಮಿನುಗಿಲ್ಲದ ಗಟ್ಟಿ ಬಣ್ಣದ ಕ್ರೀಮ್ ಬಗೆಯದು ಎರಡು ಪದರಕ್ಕೆ ಪೂರ್ತಿ ಮುಚ್ಚಬೇಕೆಂದು ನಿರೀಕ್ಷಿಸಬಹುದು. ಜೆಲ್ಲಿ ಬಗೆಯದರ ಸೊಗಸೇ ಪಾರದರ್ಶಕತೆಯಲ್ಲಿ ಇರುವುದರಿಂದ, ಅದು ಮುಚ್ಚಲಿಲ್ಲವೆಂದು ಅಂಕ ಕಡಿಮೆ ಮಾಡುವುದು ಅನ್ಯಾಯ. ಗ್ಲಿಟರ್‌ನಲ್ಲಿ ಚೂರುಗಳು ಒಂದೇ ಕಡೆ ಗುಂಪುಗೂಡುತ್ತವೆಯೇ, ಬೆರಳಾಡಿಸಿದರೆ ಒರಟಾಗಿದೆಯೇ ಎಂದು ನೋಡಿ.

ಬಾಳಿಕೆಯ ಪರೀಕ್ಷೆಯಲ್ಲಿ ಹೆಚ್ಚಿನವರು ಎಡಗೈಗೆ ಒಂದು ಬಣ್ಣ, ಬಲಗೈಗೆ ಇನ್ನೊಂದು ಬಣ್ಣ ಹಚ್ಚಿ ಹೋಲಿಸುತ್ತಾರೆ. ಹೆಚ್ಚು ದುಡಿಯುವ ಕೈಯ ಬಣ್ಣ ಹೇಗೂ ಬೇಗ ಕೀಳುವುದರಿಂದ ಆ ಹೋಲಿಕೆ ಸರಿಯಾಗದು. ಒಂದೇ ಕೈಯಲ್ಲಿ ಬೆರಳು ಬಿಟ್ಟು ಬೆರಳಿಗೆ ಎರಡೂ ಬಣ್ಣಗಳನ್ನು ಹಚ್ಚಿ, ಇನ್ನೊಂದು ಕೈಯಲ್ಲಿ ಆ ಕ್ರಮವನ್ನು ತಿರುವುಮುರುವು ಮಾಡಿ. ಬಳಿಕ ದಿನವೂ ಒಂದೇ ಹೊತ್ತಿಗೆ ಉಗುರುಗಳನ್ನು ನೋಡಿ, ಎಷ್ಟು ಹೋಗಿದೆ ಎನ್ನುವುದರ ಜೊತೆಗೆ ಹೇಗೆ ಹೋಗಿದೆ ಎಂಬುದನ್ನೂ ಬರೆಯಿರಿ. ತುದಿ ನಿಧಾನವಾಗಿ ಸವೆದಿದ್ದರೆ ಅದು ಬಳಕೆಯ ಗುರುತು. ಮೂಲೆಯಿಂದ ಚೂರು ಎದ್ದಿದ್ದರೆ ಪೊರೆ ಗಡುಸಾಗಿದ್ದು ಬಾಗಲಾರದೆ ಹೋಗಿರಬಹುದು. ಇಡೀ ಪೊರೆ ಹಾಳೆಯಂತೆ ಸುಲಿದು ಬಂದಿದ್ದರೆ ಅನುಮಾನ ಉಗುರಿನ ಸಿದ್ಧತೆಯ ಮೇಲೆ ಅಥವಾ ಬೇಸ್ ಕೋಟ್‌ನ ಮೇಲೆ ಬೀಳಬೇಕು. ಅಂತಹ ಸಂದರ್ಭದಲ್ಲಿ ಪಾಲಿಶ್ ಕಳಪೆ ಎಂದು ಬರೆಯುವ ಮುನ್ನ ಇನ್ನೊಮ್ಮೆ ಹಚ್ಚಿ ನೋಡಿ. ಬಣ್ಣ ತೆಗೆಯುವುದು ಎಷ್ಟು ಕಷ್ಟವಾಯಿತು, ಸುತ್ತಲಿನ ಚರ್ಮಕ್ಕೆ ಬಣ್ಣ ಹತ್ತಿತೇ ಎಂಬುದೂ ಪರೀಕ್ಷೆಯ ಭಾಗವೇ. ಪಾಲಿಶ್ ಮತ್ತು ರಿಮೂವರ್ ಎರಡೂ ಬೇಗ ಹೊತ್ತಿಕೊಳ್ಳುವಂಥವು. ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಕುಳಿತು ಈ ಕೆಲಸ ಮಾಡಿ. ಬಾಟಲಿಯಲ್ಲಿ ಬಣ್ಣ ಗಟ್ಟಿಯಾಗಿದ್ದರೆ ರಿಮೂವರ್ ಸುರಿಯಬೇಡಿ, ಅದಕ್ಕೆಂದೇ ಸಿಗುವ ಥಿನ್ನರಿನ ಎರಡು ಮೂರು ಹನಿ ಸಾಕು.

ಜೆಲ್ ಪಾಲಿಶ್ ಒಣಗುವುದಲ್ಲ. ಅದಕ್ಕೆಂದೇ ಇರುವ ಅತಿನೇರಳೆ (ಯುವಿ) ದೀಪದ ಬೆಳಕಿನಲ್ಲಿ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಅದರಲ್ಲಿರುವ ಅಕ್ರಿಲೇಟ್ ವರ್ಗದ ವಸ್ತುಗಳು ಪೂರ್ತಿ ಗಟ್ಟಿಯಾಗುವ ಮುನ್ನ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಲ್ಲವು, ಒಮ್ಮೆ ಹುಟ್ಟಿದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿನ ಚಿಕಿತ್ಸೆಯಲ್ಲೂ ಇದೇ ವರ್ಗದ ವಸ್ತುಗಳು ಬಳಕೆಯಾಗುವುದರಿಂದ ಇದು ಉಗುರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ದೀಪವೂ ಜೆಲ್ಲೂ ಒಂದಕ್ಕೊಂದು ಹೊಂದುವಂತೆ ತಯಾರಕರು ಹೇಳಿರುವುದನ್ನೇ ಬಳಸಿ, ಹೇಳಿದಷ್ಟು ಹೊತ್ತು ಇಡಿ. ಹವ್ಯಾಸದ ಆರಂಭದಲ್ಲಿ ಇರುವವರು ಸಾಮಾನ್ಯ ಪಾಲಿಶ್‌ನಲ್ಲೇ ಕೈ ಪಳಗಿಸಿಕೊಳ್ಳುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಖದ ಮೇಕಪ್ಪಿನಲ್ಲಿ ಅತ್ಯಂತ ಕಷ್ಟದ ವಿಮರ್ಶೆ ಫೌಂಡೇಶನ್ನಿನದು. ಶೇಡನ್ನು ಮಣಿಕಟ್ಟಿನ ಮೇಲೆ ನೋಡದೆ ದವಡೆಯ ಅಂಚಿನಲ್ಲಿ, ಕುತ್ತಿಗೆಯ ಬಣ್ಣದ ಜೊತೆಗಿಟ್ಟು ನೋಡಬೇಕು. ಹಚ್ಚಿದ ಕೂಡಲೇ ಒಂದು ಚಿತ್ರ, ಹದಿನೈದು ನಿಮಿಷದ ನಂತರ ಇನ್ನೊಂದು ಚಿತ್ರ ತೆಗೆದುಕೊಳ್ಳಿ. ಕೆಲವು ಫೌಂಡೇಶನ್‌ಗಳು ಚರ್ಮದ ಎಣ್ಣೆಯೊಡನೆ ಬೆರೆತು ಈ ಅವಧಿಯಲ್ಲಿ ಗಾಢವಾಗುತ್ತವೆ. ಮುಖದ ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ನಿಮ್ಮ ಅಳತೆಗೋಲಿನ ಫೌಂಡೇಶನ್ ಹಚ್ಚಿ, ಮರುದಿನ ಬದಿಗಳನ್ನು ಬದಲಿಸಿ. ಮೂಗಿನ ಪಕ್ಕ, ಬಾಯಿಯ ಸುತ್ತ ಮತ್ತು ಹುಬ್ಬುಗಳ ನಡುವೆ ಮೊದಲು ಕೆಡುವುದರಿಂದ, ಕೆನ್ನೆಗಿಂತ ಆ ಜಾಗಗಳನ್ನು ಹತ್ತಿರದಿಂದ ನೋಡಿ. ಹಚ್ಚುವಾಗ ಸಣ್ಣ ಸಣ್ಣ ಉಂಡೆಗಳಾಗಿ ಉದುರಿದರೆ, ಕೆಳಗಿನ ಸನ್‌ಸ್ಕ್ರೀನ್ ಅಥವಾ ಕ್ರೀಮಿನೊಡನೆ ಅದು ಹೊಂದುತ್ತಿಲ್ಲದಿರಬಹುದು. ಕೈಯ ಹಿಂಭಾಗದಲ್ಲಿ ಒಂದೊಂದೇ ಜೋಡಿಯನ್ನು ಹಚ್ಚಿ ನೋಡಿದರೆ ಕಾರಣ ಸಿಗುತ್ತದೆ. ಡಬ್ಬಿಯ ಮೇಲಿನ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಸಂಖ್ಯೆಯನ್ನು ಹೊಗಳುವ ಮುನ್ನ ಒಂದು ವಿಷಯ ನೆನಪಿರಲಿ: ಆ ಸಂಖ್ಯೆಯನ್ನು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಿರುತ್ತಾರೆ, ಫೌಂಡೇಶನ್ನನ್ನು ಯಾರೂ ಅಷ್ಟು ದಪ್ಪವಾಗಿ ಹಚ್ಚುವುದಿಲ್ಲ. ಆದ್ದರಿಂದ ಅದು ಸನ್‌ಸ್ಕ್ರೀನಿಗೆ ಬದಲಿ ಎಂದು ಬರೆಯಬಾರದು.

ಲಿಪ್‌ಸ್ಟಿಕ್ಕಿನ ಪರೀಕ್ಷೆ ಸರಳ. ಲೋಟದ ಅಂಚಿಗೆ ಎಷ್ಟು ಅಂಟಿತು, ಎಣ್ಣೆಯಂಶದ ಊಟದ ನಂತರ ತುಟಿಯ ನಡುಭಾಗದಲ್ಲಿ ಎಷ್ಟು ಉಳಿಯಿತು, ತುಟಿ ಒಣಗಿತೇ ಎಂಬುದು ಸಾಕು. ಐಶ್ಯಾಡೋವನ್ನು ಬೆರಳಿನಿಂದ ಮುಂದೋಳಿಗೆ ಬಳಿದು ತೋರಿಸುವ ಸ್ವಾಚ್‌ಗಳು ಬಣ್ಣ ತಿಳಿಯಲು ಮಾತ್ರ ಉಪಯುಕ್ತ; ಬ್ರಷ್ಷಿನಿಂದ ರೆಪ್ಪೆಗೆ ಹಚ್ಚಿದಾಗ ಎಷ್ಟು ಉದುರುತ್ತದೆ, ಪಕ್ಕದ ಬಣ್ಣದೊಡನೆ ಹೇಗೆ ಬೆರೆಯುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಕಣ್ಣಿನ ವಸ್ತುಗಳನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬೇಡಿ. ಮಸ್ಕರಾವನ್ನು ತೆರೆದ ಮೂರು ತಿಂಗಳ ಸುಮಾರಿಗೆ ಬದಲಿಸಿ, ಒಣಗಿದ ಮಸ್ಕರಾಕ್ಕೆ ನೀರು ಬೆರೆಸಬೇಡಿ. ಕರಕುಶಲ ಕೆಲಸದ ಗ್ಲಿಟರನ್ನು ಕಣ್ಣಿನ ಬಳಿ ತರಲೇಬಾರದು.

ಚಿತ್ರಗಳನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹಗಲಿನ ಬೆಳಕಿನಲ್ಲಿ, ಪ್ರತಿ ಬಾರಿಯೂ ಒಂದೇ ಹಿನ್ನೆಲೆಯಲ್ಲಿ ತೆಗೆಯಿರಿ. ಫೋನಿನ ಬ್ಯೂಟಿ ಫಿಲ್ಟರ್ ಪೂರ್ತಿ ಆಫ್ ಮಾಡಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ಕ್ಯಾಮೆರಾ ಸೆಟ್ಟಿಂಗ್) ತಾನಾಗಿ ಬದಲಾಗದಂತೆ ಸ್ಥಿರವಾಗಿಡಿ; ಇಲ್ಲವಾದರೆ ಬಟ್ಟೆಯ ಬಣ್ಣ ಬದಲಾದಂತೆಲ್ಲ ಲಿಪ್‌ಸ್ಟಿಕ್ಕಿನ ಬಣ್ಣವೂ ಬದಲಾದಂತೆ ಕಾಣುತ್ತದೆ. ಇಷ್ಟೆಲ್ಲ ಮಾಡಿದರೂ ನೇರಳೆ ಬಣ್ಣ ಕ್ಯಾಮೆರಾದಲ್ಲಿ ಹಲವೊಮ್ಮೆ ನೀಲಿಯಾಗಿ ಕಾಣುತ್ತದೆ, ನಿಯಾನ್ ಬಣ್ಣಗಳು ಮಂಕಾಗುತ್ತವೆ. ಅಂತಹ ಕಡೆ ‘ಕಣ್ಣಿಗೆ ಇದಕ್ಕಿಂತ ಹೆಚ್ಚು ಕೆಂಪು ಬೆರೆತಂತೆ ಕಾಣುತ್ತದೆ’ ಎಂದು ಚಿತ್ರದ ಕೆಳಗೇ ಬರೆಯಿರಿ. ಬೆಳಕಿಗೆ ಕಾಮನಬಿಲ್ಲಿನಂತೆ ಹೊಳೆಯುವ ಹಾಲೊಗ್ರಾಫಿಕ್ ಪಾಲಿಶ್‌ಗೆ ಮಾತ್ರ ನೇರ ಬಿಸಿಲಿನದೂ ನೆರಳಿನದೂ ಎರಡು ಚಿತ್ರ ಬೇಕು, ಏಕೆಂದರೆ ನೆರಳಿನಲ್ಲಿ ಅದರ ಕಾಮನಬಿಲ್ಲು ಬಹುಮಟ್ಟಿಗೆ ಮಾಯವಾಗುತ್ತದೆ.

ಬರೆಯುವಾಗ ಮೊದಲು ನಿಮ್ಮ ಚರ್ಮದ ಬಗೆ, ಅಂಡರ್‌ಟೋನ್ (ಚರ್ಮದ ಒಳಛಾಯೆ ಹಳದಿಯತ್ತಲೋ ಗುಲಾಬಿಯತ್ತಲೋ ಎಂಬುದು), ಉಗುರು ಗಟ್ಟಿಯೋ ಪದರ ಏಳುವಂಥದ್ದೋ ಎಂಬುದನ್ನು ಎರಡು ಸಾಲಿನಲ್ಲಿ ಹೇಳಿ. ವಸ್ತು ಉಚಿತವಾಗಿ ಬಂದಿದ್ದರೆ ಅಥವಾ ಹಣ ಪಡೆದಿದ್ದರೆ ಆ ಮಾತು ಮೊದಲ ಪ್ಯಾರಾದಲ್ಲೇ ಬರಬೇಕು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಲ್ಲ. ಘಟಕಾಂಶಗಳ ಪಟ್ಟಿಯ ಬಗ್ಗೆ ಬರೆಯುವುದಾದರೆ ಎಚ್ಚರ ಬೇಕು: ಸಾಮಾನ್ಯವಾಗಿ ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಪಟ್ಟಿ ಸಾಗುತ್ತದೆಯಾದರೂ, ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಹೀಗಾಗಿ ಎರಡು ಪಟ್ಟಿಗಳು ಒಂದೇ ರೀತಿ ಕಂಡ ಮಾತ್ರಕ್ಕೆ ಅಗ್ಗದ್ದೂ ದುಬಾರಿಯದೂ ಒಂದೇ ಎನ್ನಲಾಗದು. ಆದರೂ ಪಟ್ಟಿಯಿಂದ ಕೆಲವರಿಗೆ ನಿಜವಾದ ಉಪಕಾರವಿದೆ. ಸಿಐ 75470 ಎಂಬ ಸಂಖ್ಯೆ ಕೀಟದಿಂದ ತೆಗೆದ ಕಾರ್ಮೈನ್ ಎಂಬ ಕೆಂಪನ್ನು ಸೂಚಿಸುತ್ತದೆ ಎಂದು ತಿಳಿಸಿದರೆ, ಪ್ರಾಣಿಜನ್ಯ ವಸ್ತುಗಳನ್ನು ಬಳಸದವರು ಅದನ್ನು ಬಿಡಬಲ್ಲರು. ಪಾಲಿಶ್ ಬಾಟಲಿಗಳ ಮೇಲಿನ ‘5 ಫ್ರೀ’, ‘10 ಫ್ರೀ’ ಎಂಬ ಮಾತುಗಳಿಗೆ ಎಲ್ಲೆಡೆ ಒಪ್ಪಿದ ಒಂದೇ ಅರ್ಥವಿಲ್ಲ. ಟಾಲ್ಯುಈನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರನ್ನು ಬಿಡುವುದರಿಂದ ಶುರುವಾದ ಈ ಲೆಕ್ಕ ಒಂದೊಂದು ತಯಾರಕರಲ್ಲಿ ಒಂದೊಂದು ರೀತಿ ಬೆಳೆದಿದೆ, ಆದ್ದರಿಂದ ಸಂಖ್ಯೆಯ ಬದಲು ಅವರು ಬಿಟ್ಟಿರುವ ವಸ್ತುಗಳ ಹೆಸರನ್ನೇ ಕೊಡಿ.

ಕೆಲವು ತಿಂಗಳ ನಂತರ ಹಳೆಯ ವಿಮರ್ಶೆಗೆ ಮರಳಿ, ಆ ಪಾಲಿಶ್ ಬಾಟಲಿಯಲ್ಲೇ ಗಟ್ಟಿಯಾಯಿತೇ, ಲಿಪ್‌ಸ್ಟಿಕ್ಕಿನ ವಾಸನೆ ಬದಲಾಯಿತೇ, ಪರೀಕ್ಷೆ ಮುಗಿದ ಮೇಲೂ ಅದನ್ನು ನೀವಾಗಿಯೇ ಕೈಗೆತ್ತಿಕೊಂಡಿರೇ ಎಂಬುದನ್ನು ದಿನಾಂಕದೊಡನೆ ಸೇರಿಸಿ. ತಯಾರಕರು ಅದೇ ಹೆಸರಿನಲ್ಲಿ ಘಟಕಾಂಶಗಳನ್ನು ಬದಲಿಸಿದ್ದು ಗೊತ್ತಾದರೆ, ಹಳೆಯ ಬರಹದ ತಲೆಯಲ್ಲೇ ಅದನ್ನು ತಿಳಿಸಿ, ಹೊಸ ಬ್ಯಾಚನ್ನು ಮೊದಲಿನಿಂದ ಪರೀಕ್ಷಿಸಿ.