ನೆಲಹೊದಿಕೆ ಹುಲ್ಲುಗಳ ಚಳಿಗಾಲದ ಆರೈಕೆ: ಕತ್ತರಿ ಹಿಡಿಯಲು ಅವಸರ ಬೇಡ

ಕಾಲುದಾರಿಯ ಅಂಚಿಗೆ, ಮರದ ನೆರಳಿಗೆ ಅಂದಕ್ಕಾಗಿ ಬೆಳೆಸಿದ ನೆಲಹೊದಿಕೆ ಹುಲ್ಲು ಚಳಿಗಾಲದಲ್ಲಿ ಸತ್ತರೆ ನಾವು ಚಳಿಯನ್ನೇ ದೂರುತ್ತೇವೆ. ಆದರೆ ಬುಡದಲ್ಲಿ ನಿಂತ ನೀರು ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ಆಡಿಸಿದ ಕತ್ತರಿಯೇ ಅನೇಕ ಸಲ ಅದಕ್ಕೆ ಕಾರಣ.

ಮೊದಲು ನಿಮ್ಮ ತೋಟದಲ್ಲಿರುವುದು ಯಾವ ಬಗೆಯ ಹುಲ್ಲೆಂದು ಗುರುತಿಸಿಕೊಳ್ಳಿ. ಮಾಂಡೊ ಹುಲ್ಲು, ಲಿರಿಯೋಪ್, ನೀಲಿ ಫೆಸ್ಕ್ಯೂ ಮತ್ತು ಹಲವು ಕ್ಯಾರೆಕ್ಸ್ ತಳಿಗಳು ಚಳಿಗಾಲದಲ್ಲೂ ಎಲೆ ಉಳಿಸಿಕೊಳ್ಳುತ್ತವೆ. ಜಪಾನಿನ ಹಕೋನೆ ಹುಲ್ಲಿನಂಥವು ಒಣಗಿ, ಬೇರಿನಲ್ಲಷ್ಟೇ ಜೀವ ಹಿಡಿದು ಮಲಗುತ್ತವೆ. (ಮಾಂಡೊ ಮತ್ತು ಲಿರಿಯೋಪ್ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹುಲ್ಲುಗಳೇ ಅಲ್ಲ, ಶತಾವರಿಯ ಬಳಗದವು, ಆರೈಕೆಯಲ್ಲಿ ಮಾತ್ರ ಹುಲ್ಲಿನ ಸಾಲಿಗೇ ಸೇರುತ್ತವೆ.)

ಚಳಿ ಬಲಿಯುವ ಆರರಿಂದ ಎಂಟು ವಾರ ಮೊದಲೇ ಸಾರಜನಕದ ಗೊಬ್ಬರ ನಿಲ್ಲಿಸಿ. ತಡವಾಗಿ ಹಾಕಿದ ಗೊಬ್ಬರಕ್ಕೆ ಚಿಗುರಿದ ಎಳೆಗರಿಗಳು ಬಲಿಯುವ ಮುನ್ನವೇ ಶೀತಕ್ಕೆ ಸಿಕ್ಕಿ ಕರಕಲಾಗುತ್ತವೆ. ಉದುರಿದ ತರಗೆಲೆಗಳನ್ನು ಆಗಾಗ ಬಾಚಿ ತೆಗೆಯಿರಿ. ಒದ್ದೆ ಎಲೆಗಳ ಪದರ ಬುಡಕ್ಕೆ ಗಾಳಿ ತಾಗದಂತೆ ಮಾಡಿ ಕೊಳೆ ತರುತ್ತದೆ. ಸಾಲುಗಳ ನಡುವೆ ಸುಮಾರು 5 ಸೆಂಟಿಮೀಟರ್ ದಪ್ಪ ಒಣ ಹೊದಿಕೆ ಹರಡಬಹುದು, ಆದರೆ ಸುಳಿ ಹೊರಡುವ ಬುಡವನ್ನು ಮುಚ್ಚಕೂಡದು.

ನೀರಿನ ವಿಷಯದಲ್ಲಿ ಎರಡು ಕಡೆಯೂ ಎಚ್ಚರ ಬೇಕು. ಮಣ್ಣು ಹೆಪ್ಪುಗಟ್ಟುವಷ್ಟು ಚಳಿಯಿರುವಲ್ಲಿ ಬೇರಿಗೆ ನೀರು ಹೀರಲಾಗದು, ಆದರೆ ಹಸಿರೆಲೆಗಳಿಂದ ಬಿಸಿಲು ಗಾಳಿಗೆ ತೇವ ಹೋಗುತ್ತಲೇ ಇರುತ್ತದೆ. ಎಲೆತುದಿ ಕಂದಾಗುವುದಕ್ಕೆ ಇದೊಂದು ಕಾರಣ. ಆದ್ದರಿಂದ ನೆಲ ಗಟ್ಟಿಯಾಗುವ ಮೊದಲು ಒಮ್ಮೆ ಆಳವಾಗಿ ನೀರುಣಿಸಿ, ಆಮೇಲೆ ಒಣಹವೆ ಮುಂದುವರಿದರೆ ಮಾತ್ರ ಹದವಾದ ಮಧ್ಯಾಹ್ನದಲ್ಲಿ ತುಸು ಕೊಡಿ. ನೀಲಿ ಫೆಸ್ಕ್ಯೂ ಮಾತ್ರ ಜೌಗನ್ನು ಸಹಿಸದು. ಅದರ ಬುಡದಲ್ಲಿ ನೀರು ಇಂಗದಿದ್ದರೆ ಗೊಂಚಲು ನಡುವಿನಿಂದಲೇ ಕೊಳೆಯತೊಡಗುತ್ತದೆ.

ಹೆಪ್ಪುಗಟ್ಟಿದ ಇಬ್ಬನಿಯಿರುವ ಬೆಳಿಗ್ಗೆ ಹುಲ್ಲಿನ ಮೇಲೆ ನಡೆಯಬೇಡಿ. ಎಲೆಯೊಳಗಿನ ಹಿಮಕಣಗಳು ತುಳಿತಕ್ಕೆ ಜೀವಕೋಶಗಳನ್ನು ಸೀಳುತ್ತವೆ. ಕೆಲವೇ ದಿನಗಳಲ್ಲಿ ಹೆಜ್ಜೆಯ ಆಕಾರದ ಕಂದು ಕಲೆಗಳು ಏಳುತ್ತವೆ. ಬಿದ್ದ ಹಿಮವನ್ನು ಕೆರೆಯುವ ಅಗತ್ಯವಿಲ್ಲ, ಅದು ಬೇರಿಗೆ ಕಂಬಳಿಯಿದ್ದಂತೆ. ದಾರಿಯ ಹಿಮ ಕರಗಿಸಲು ಎರಚುವ ಉಪ್ಪು ಮಾತ್ರ ಪಾತಿಗೆ ಬೀಳದಂತೆ ನೋಡಿಕೊಳ್ಳಿ. ಹೊಸದಾಗಿ ನೆಟ್ಟ ಸಸಿಗಳನ್ನು ಮಣ್ಣು ಹೆಪ್ಪುಗಟ್ಟಿ ಕರಗುವಾಗ ಮೇಲಕ್ಕೆ ನೂಕುವುದುಂಟು. ಬೇರು ಕಂಡರೆ ಮಣ್ಣು ಸಡಿಲವಾದಾಗ ಮೆಲ್ಲಗೆ ಒಳಗೊತ್ತಿ.

ಇನ್ನು ಕತ್ತರಿಯ ಕೆಲಸ. ಒಣಗಿದ ಗರಿಗಳು ನೋಡಲು ಚೆಂದವಿಲ್ಲದಿದ್ದರೂ ಬುಡವನ್ನು ಕಾಯುತ್ತವೆ, ಹಾಗಾಗಿ ಚಳಿಗಾಲದ ಕೊನೆಯವರೆಗೂ ಬಿಡುವುದೇ ಲೇಸು. ಹಕೋನೆ ಹುಲ್ಲನ್ನು ಆಗ ನೆಲದಿಂದ ಸುಮಾರು 5 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಬಹುದು. ಫೆಸ್ಕ್ಯೂ ಮತ್ತು ಕ್ಯಾರೆಕ್ಸ್‌ಗೆ ಅಂಥ ಕ್ಷೌರ ಒಗ್ಗದು. ಕೈಗವಸು ತೊಟ್ಟು ಬೆರಳುಗಳಿಂದ ಬುಡದಿಂದ ತುದಿಗೆ ಬಾಚಿದರೆ ಸತ್ತ ಗರಿಗಳು ತಾವಾಗಿ ಕೈಗೆ ಬರುತ್ತವೆ. ಕ್ಯಾರೆಕ್ಸ್‌ನ ಅಂಚು ಬರಿಗೈಯನ್ನು ಕೊಯ್ದೀತು.

ಲಿರಿಯೋಪ್‌ಗೆ ಮಾತ್ರ ಸಮಯವೇ ಮುಖ್ಯ. ಹಳೆಯ ಎಲೆಗಳನ್ನು ಸರಿಸಿ ಬುಡ ನೋಡಿ. ಹೊಸ ಸುಳಿ ಇನ್ನೂ ಕಾಣದಿದ್ದರೆ ಧೈರ್ಯವಾಗಿ ಗಿಡ್ಡಕ್ಕೆ ಕತ್ತರಿಸಿ. ಸುಳಿ ಮೇಲೆದ್ದ ಮೇಲೆ ಕತ್ತರಿಸಿದರೆ ತುದಿ ತುಂಡಾದ ಎಲೆಗಳು ಹಾಗೆಯೇ ಮೊಂಡಾಗಿ ಆ ಋತುವಿಡೀ ಉಳಿಯುತ್ತವೆ. ತಡವಾಗಿದ್ದರೆ ಹಳೆಯ ಎಲೆಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಿ ತೆಗೆಯಿರಿ.