ಹತ್ತು ಲೈನ್ ಮನೆಗಳ ಕೊಳಚೆ ನೀರಿಗೆ ಟ್ಯಾಂಕಿ, ಜಲ್ಲಿ ಪಾತಿ

ತೋಟದ ಕಾರ್ಮಿಕರ ಸಾಲು ಮನೆಗಳ (ಲೈನ್ ಮನೆ) ಕೊಳಚೆಯ ಹೂಳು ಮೊದಲು ಟ್ಯಾಂಕಿಯಲ್ಲಿ ಕೂರುತ್ತದೆ, ಆಮೇಲೆ ನೀರು ಗಿಡ ನೆಟ್ಟ ಜಲ್ಲಿ ಪಾತಿಯಲ್ಲಿ ಸೋಸಿ ಹೊರಬರುತ್ತದೆ. ಕೊಡಗಿನಲ್ಲಿ ಇಂಥ ಘಟಕಗಳನ್ನು ಕೆಡಿಸುವುದು ಹೆಚ್ಚಾಗಿ ಮಳೆ ನೀರು. ತಲೆಗೆ 55 ಲೀಟರ್ ಬಳಕೆ, ಅದರಲ್ಲಿ ಶೇ. 80 ಹೊರಗೆ ಅಂತ ಹಿಡಿದರೆ ಹತ್ತು ಮನೆಗಳ 50 ಜನರ ಕೊಳಚೆ ದಿನಕ್ಕೆ 2,200 ಲೀಟರ್. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದೇ ದಿನ 100 ಮಿ.ಮೀ. ಸುರಿದರೆ ಎರಡು ಸಾವಿರ ಚದರಡಿ ಮಾಡಿನಿಂದ ಇಳಿಯುವುದು 18,000 ಲೀಟರಿಗೂ ಮೇಲೆ. ಇದು ಟ್ಯಾಂಕಿಗೆ ನುಗ್ಗಿದರೆ ತಳದ ಹೂಳೆಲ್ಲ ಕದಡಿ ಪಾತಿಗೆ ಹೋಗಿ ಕೂರುತ್ತದೆ. ಹಾಗಾಗಿ ಮೊದಲು ಸೂರಿನ ನೀರಿಗೆ ಬೇರೆ ಚರಂಡಿ ತೆಗೆಸಿ, ಆಮೇಲೆ ಗುಂಡಿ ತೋಡಿ.

ಜಾಗ ಮನೆಗಳಿಗಿಂತ ತಗ್ಗಿನಲ್ಲಿರಲಿ, ಬಾವಿಯಿಂದ ನೂರಡಿಯಾದರೂ ದೂರವಿರಲಿ. ಗದ್ದೆ ಬದಿ ಬೇಡ, ಮಳೆಗಾಲದಲ್ಲಿ ಅಲ್ಲಿ ಎರಡಡಿಗೇ ನೀರು ಬರುತ್ತದೆ.

ಟ್ಯಾಂಕಿ ಒಳ ಅಳತೆ 14 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ನೀರಿನ ಆಳ 5 ಅಡಿ, ಮೇಲೆ ಒಂದಡಿ ಖಾಲಿ. ಎರಡು ದಿನದ ಕೊಳಚೆ, ಎರಡು ವರ್ಷದ ಹೂಳು ಇದರಲ್ಲಿ ಹಿಡಿಯುತ್ತದೆ. ಒಳಬರುವ ಕಡೆಯಿಂದ 9 ಅಡಿಗೆ ಅಡ್ಡಗೋಡೆ ಕಟ್ಟಿ, ಅದರ ನಡು ಎತ್ತರದಲ್ಲಿ ಕಿಂಡಿ ಬಿಡಿ. ಹೊರಹೋಗುವ ಪೈಪು ಒಳಬರುವುದಕ್ಕಿಂತ 2 ಇಂಚು ಕೆಳಗಿರಲಿ. ಅದಕ್ಕೆ ಟೀ (T ಆಕಾರದ ಪೈಪು ಜೋಡಣೆ) ಹಾಕಿ, ಕೆಳತುದಿ ನೀರಿನೊಳಗೆ 18 ಇಂಚು ಇಳಿಯಬೇಕು. ಮೇಸ್ತ್ರಿಗಳು ಹಾರಿಸುವುದು ಇದನ್ನೇ. ಟೀ ಇಲ್ಲದಿದ್ದರೆ ತೇಲುವ ಕೆನೆ ನೇರ ಪಾತಿಗೆ ಹೋಗುತ್ತದೆ. ಗಾಳಿ ಪೈಪು ಮಾಡಿಗಿಂತ ಎತ್ತರಕ್ಕೆ ಒಯ್ಯಿರಿ.

ಪಾತಿ 34 ಅಡಿ ಉದ್ದ, 15 ಅಡಿ ಅಗಲ. ತಳ ಹೊರಬಾಯಿಯ ಕಡೆಗೆ 4 ಇಂಚು ಇಳಿಜಾರು. ಕಲ್ಲು ಬೇರು ಆರಿಸಿ, 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ತುದಿಗೂ ಎರಡಡಿ ಅಗಲಕ್ಕೆ ಮುಷ್ಟಿಗಾತ್ರದ ಕಲ್ಲು, ನಡುವೆ 20 ಮಿ.ಮೀ. ಜಲ್ಲಿ, ಎರಡಡಿ ದಪ್ಪ. ಜಲ್ಲಿಯನ್ನು ಬುಟ್ಟಿಯಲ್ಲಿ ಹಾಕಿ ತಿಳಿನೀರು ಬರುವ ತನಕ ತೊಳೆಯಲೇಬೇಕು. ಕ್ರಷರ್ ಪುಡಿ ಉಳಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಹೊರಬಾಯಿಗೆ ತಿರುಗುವ ಎಲ್ಬೋ (ಬಾಗಿದ ಪೈಪು ತುಂಡು) ಹಾಕಿ, ನೀರಿನ ಮಟ್ಟ ಜಲ್ಲಿಯಿಂದ 3 ಇಂಚು ಕೆಳಗೆ ನಿಲ್ಲಿಸಿ. ಮೇಲೆ ನೀರು ಕಂಡರೆ ಸೊಳ್ಳೆ. ಒಂದೂವರೆ ಅಡಿಗೊಂದರಂತೆ ಕಾಬಾಳೆ (ಕ್ಯಾನಾ) ಗೆಡ್ಡೆ ನೆಡಿ, 225 ಸಾಕು. ಸುತ್ತ ಅರ್ಧ ಅಡಿ ಏರಿ ಕಟ್ಟಿದರೆ ಇಳಿಜಾರಿನ ಮಳೆನೀರು ಒಳಗೆ ಬಾರದು.

ಅಡುಗೆಮನೆ ನೀರಿಗೆ ಟ್ಯಾಂಕಿ ಸೇರುವ ಮುಂಚೆಯೇ ಎರಡಡಿ ಚೌಕದ ಜಿಡ್ಡಿನ ತೊಟ್ಟಿ ಬೇಕು. ಪುತ್ತರಿ ಹಬ್ಬದ ಹೊತ್ತಿನ (ನವೆಂಬರ್–ಡಿಸೆಂಬರ್) ಚಳಿಯಲ್ಲಿ ಪಂದಿ ಕರಿಯ (ಹಂದಿ ಸಾರಿನ) ಪಾತ್ರೆ ತೊಳೆದ ನೀರಿನ ಜಿಡ್ಡು ಪೈಪಿನಲ್ಲೇ ಹೆಪ್ಪುಗಟ್ಟಿ ಮೇಣದ ಬತ್ತಿಯಂತೆ ನಿಲ್ಲುತ್ತದೆ. ವಾರಕ್ಕೊಮ್ಮೆ ಕೆನೆ ತೆಗೆದು ಮಣ್ಣಲ್ಲಿ ಹೂಳಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಅದರ ಹುಳಿಗೆ ಟ್ಯಾಂಕಿಯ ಸೂಕ್ಷ್ಮಾಣು ಸಾಯುತ್ತವೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಅಂಗಡಿಯಲ್ಲಿ ಸಿಗುವ ಟ್ಯಾಂಕಿ ಪುಡಿ ಹಾಕಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಹೂಳು ಎರಡು ವರ್ಷಕ್ಕೊಮ್ಮೆ, ಜನವರಿಯಿಂದ ಏಪ್ರಿಲ್ ಒಳಗೆ, ಸಕ್ಕಿಂಗ್ ಲಾರಿಯಿಂದ ತೆಗೆಸಿ. ಮಳೆಗಾಲದಲ್ಲಿ ಖಾಲಿ ಮಾಡಿದರೆ ಅಡಿಯ ಒರತೆ ಟ್ಯಾಂಕಿಯನ್ನೇ ಎತ್ತೀತು. ಒಳಗೆ ಯಾರನ್ನೂ ಇಳಿಸಬಾರದು. ವಿಷಾನಿಲಕ್ಕೆ ಪ್ರಾಣ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅದು ಅಪರಾಧವೂ ಹೌದು.

ಹೊರಬಂದ ನೀರು ತಿಳಿಯಾಗಿ ಕಂಡರೂ ರೋಗಾಣು ಇದ್ದೇ ಇರುತ್ತವೆ. ತೋಡಿಗೆ ಬಿಡದೆ ಬಾಳೆ, ಕಾಫಿ ಬುಡಕ್ಕೆ ಮಣ್ಣಿನಡಿಯ ಪೈಪಿನಲ್ಲಿ ಕೊಡಿ. ಸೊಪ್ಪಿನ ಮಡಿಗೆ ಬೇಡ.