ಎದೆಬಡಿತದ ಭಯ ಬಿಡಿಸಿದ ಓಟ

ಓಟದ ಬಗ್ಗೆ ಬರೆಯುವವರು ಹೆಚ್ಚಾಗಿ ತೂಕ, ಸಕ್ಕರೆ, ರಕ್ತದೊತ್ತಡದ ಲೆಕ್ಕ ಕೊಡುತ್ತಾರೆ. ನನಗೆ ಹೇಳಬೇಕಾಗಿರುವುದು ಬೇರೆ. ನನ್ನದೇ ಎದೆಬಡಿತಕ್ಕೆ ಹೆದರಿ ಬದುಕುತ್ತಿದ್ದವಳು ನಾನು. ಆ ಹೆದರಿಕೆ ಬಿಟ್ಟುಹೋದದ್ದು ಓಡಲು ಕಲಿತ ಮೇಲೆ. ಓಟ ಮನಸ್ಸಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಒಳ್ಳೆಯದು ಎಂಬುದನ್ನು, ನನ್ನ ಮೈಯಲ್ಲಿ ನಡೆದಷ್ಟರ ಮಟ್ಟಿಗೆ, ಬಿಡಿಸಿ ಹೇಳುತ್ತೇನೆ.

ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ರಾತ್ರಿ ಊಟ ಮುಗಿಸಿ, ನಾಳೆ ನಲ್ಲಿ ರಿಪೇರಿಯವನನ್ನು ಕರೆಸಬೇಕು ಎಂದು ಹೇಳಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದು, ನಾನು ಬ್ಯಾಂಕಿನ ಕೌಂಟರಿಗೆ ಮರಳಿ, ಮನೆ ಒಂದು ಹದಕ್ಕೆ ಬಂತು ಎನ್ನುವಾಗ ಇದು ಶುರುವಾಯಿತು. ಗಾಢ ನಿದ್ದೆಯಲ್ಲಿ ಥಟ್ಟನೆ ಎಚ್ಚರ. ಎದೆ ಢವಢವ. ಅಂಗೈ ತಣ್ಣಗೆ, ಬೆರಳ ತುದಿಯಲ್ಲಿ ಜುಮುಜುಮು, ಎಷ್ಟು ಎಳೆದರೂ ಉಸಿರು ಅರ್ಧಕ್ಕೇ ನಿಂತಂತೆ. ಅಪ್ಪನಿಗೆ ಬಂದದ್ದೇ ನನಗೂ ಬಂತು ಎಂದುಕೊಂಡು ಯಜಮಾನರನ್ನು ಎಬ್ಬಿಸಿದೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು. ಮತ್ತೆ ಬಂತು, ಮತ್ತೆ ಇಸಿಜಿ, ಮತ್ತೆ ಸರಿ. ಎಕೋ ಮಾಡಿಸಿದೆವು. ಥೈರಾಯ್ಡ್, ಹಿಮೋಗ್ಲೋಬಿನ್ ಎರಡನ್ನೂ ನೋಡಿದರು. ಏನೂ ಇಲ್ಲ ಎಂದರು. ಏನೂ ಇಲ್ಲ ಎಂಬ ಮಾತಿನಿಂದ ಮನೆಯವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ.

ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಕಾಫಿ ಬಿಟ್ಟೆ. ಬಸ್ ಹಿಡಿಯಲು ಬಿರಬಿರನೆ ನಡೆಯುವುದನ್ನೂ ಬಿಟ್ಟೆ. ಎದೆಬಡಿತ ಏರುವ ಯಾವ ಕೆಲಸವೂ ಬೇಡ ಎಂದು ದಿನಚರಿ ಕುಗ್ಗುತ್ತಾ ಹೋಯಿತು. ಗ್ರಾಹಕರು ಚಲನ್ ತುಂಬುತ್ತಾ ನಿಂತಿರುವಷ್ಟು ಹೊತ್ತು ಕೌಂಟರಿನ ಕೆಳಗೆ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತಿದ್ದೆ.

ಕೊನೆಗೆ ಮನೋವೈದ್ಯರಲ್ಲಿಗೆ ಹೋದೆವು. ಅವರು ಕಾಗದದ ಮೇಲೆ ಒಂದು ವೃತ್ತ ಬರೆದರು. ಯಾವುದೋ ಕಾರಣಕ್ಕೆ ಬಡಿತ ಸ್ವಲ್ಪ ಏರುತ್ತದೆ. ಮನಸ್ಸು ಅದನ್ನು ಅಪಾಯವೆಂದು ತಿಳಿಯುತ್ತದೆ. ತಿಳಿದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ಹರಿದು ಬಡಿತ ಇನ್ನೂ ಏರುತ್ತದೆ. ಹೆದರಿ ಉಸಿರನ್ನು ಜೋರಾಗಿ ಎಳೆದು ಬಿಟ್ಟು ಮಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತದೆ, ತಲೆ ತೇಲುತ್ತದೆ. ಭಯಕ್ಕೆ ಹೊಸ ಸಾಕ್ಷಿ ಸಿಕ್ಕಿತು, ವೃತ್ತ ಇನ್ನೊಂದು ಸುತ್ತು ತಿರುಗಿತು. ಅವರು ಮಾತ್ರೆ ಬರೆದುಕೊಟ್ಟರು, ಆಪ್ತಸಮಾಲೋಚನೆಗೆ ಬರಹೇಳಿದರು. ಆಮೇಲೆ, "ಅಮ್ಮಾ, ನಿಮ್ಮ ಹೃದಯ ಗಟ್ಟಿಯಾಗಿದೆ. ನಿಧಾನವಾಗಿ ಓಡುವುದನ್ನು ಶುರು ಮಾಡಿ" ಎಂದರು.

ತಾನಾಗಿಯೇ ಓಡುತ್ತಿರುವ ಎದೆಯನ್ನು ಮತ್ತೆ ಓಡಿಸಬೇಕೇ ಎಂದು ದಿಗಿಲಾಯಿತು. ಅವರ ವಿವರಣೆ ಹೀಗಿತ್ತು: ಗಾಬರಿಯಲ್ಲಿ ಏನೇನು ಆಗುತ್ತದೆಯೋ ಬಹುಪಾಲು ಓಟದಲ್ಲೂ ಆಗುತ್ತದೆ. ಬಡಿತ, ಏದುಸಿರು, ಬೆವರು, ಸಣ್ಣ ತಲೆಸುತ್ತು. ಆದರೆ ಓಟದಲ್ಲಿ ಅದನ್ನು ಬರಮಾಡಿಕೊಳ್ಳುವವರು ನೀವು. ಯಾಕೆ ಬಂತು ಎಂಬುದು ಗೊತ್ತಿರುತ್ತದೆ, ನಿಂತ ಮೇಲೆ ಇಳಿಯುವುದೂ ಕಾಣುತ್ತದೆ. ಇದೇ ಮತ್ತೆ ಮತ್ತೆ ಆದಾಗ, ಏರಿದ ಬಡಿತ ಇಳಿಯುತ್ತದೆ ಎಂಬುದು ಮೈಗೆ ರೂಢಿಯಾಗುತ್ತದೆ.

ಇದು ಅವರೊಬ್ಬರ ಊಹೆಯೂ ಆಗಿರಲಿಲ್ಲ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಗಾಬರಿ ಕಾಯಿಲೆಯ (ಪ್ಯಾನಿಕ್ ಡಿಸಾರ್ಡರ್) 46 ಜನರನ್ನು ಹತ್ತು ವಾರ ಗಮನಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಓಟ, ಕೆಲವರಿಗೆ ಕ್ಲೋಮಿಪ್ರಮಿನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಹುಸಿಮಾತ್ರೆ ನುಂಗಿದವರಿಗಿಂತ ಓಡಿದವರಲ್ಲಿ ಸ್ಪಷ್ಟವಾದ ಗುಣ ಕಂಡಿತು. ನಿಜವಾದ ಮಾತ್ರೆ ಓಟಕ್ಕಿಂತ ಬೇಗ ನಾಟಿತು, ಹೆಚ್ಚು ಗುಣವನ್ನೂ ಕೊಟ್ಟಿತು. ಓಟವನ್ನು ಹೊಗಳುವ ಭರದಲ್ಲಿ ಈ ಕೊನೆಯ ಮಾತನ್ನು ಬಿಟ್ಟುಬಿಡುವುದು ಅನ್ಯಾಯ. ರಾತ್ರಿ ನಿದ್ದೆ ಬರಿಸಿ, ಬೆಳಿಗ್ಗೆ ಎದ್ದು ಶೂ ಕಟ್ಟುವಷ್ಟು ಚೈತನ್ಯವನ್ನು ನನಗೆ ಕೊಟ್ಟದ್ದು ಮಾತ್ರೆಯೇ. ಅದನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದವರು ವೈದ್ಯರು. ಓಡುತ್ತಿದ್ದೇನಲ್ಲ ಎಂದು ತಾವಾಗಿಯೇ ಮಾತ್ರೆ ಬಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಆತಂಕವಾಗುತ್ತದೆ.

ನಮ್ಮ ಮನೆ ಮೈಸೂರಿನ ಸರಸ್ವತಿಪುರದಲ್ಲಿದೆ. ಕುಕ್ಕರಹಳ್ಳಿ ಕೆರೆ ನಡೆದು ಹೋಗುವಷ್ಟು ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕೆರೆ ಅದು. ಕುವೆಂಪು ಅವರು ನಡೆದಾಡಿದ ದಾರಿ ಎಂದು ಊರಿನವರಿಗೆಲ್ಲ ಅದರ ಮೇಲೆ ಅಕ್ಕರೆ. ಒಂದು ಸುತ್ತು ಐದು ಕಿಲೋಮೀಟರಿನ ಆಸುಪಾಸು. ನಾನು ಅಲ್ಲಿಗೆ ಹೋದದ್ದಕ್ಕೆ ಮೊದಲ ಕಾರಣ ನೆರಳೂ ಅಲ್ಲ, ನೀರೂ ಅಲ್ಲ. ಬೆಳಗಿನ ಹೊತ್ತು ಅಲ್ಲಿ ಜನರಿರುತ್ತಾರೆ, ಬಿದ್ದರೆ ಎತ್ತುವವರಿದ್ದಾರೆ ಎಂಬ ಧೈರ್ಯ. ಆತಂಕ ಇರುವವರು ಓಡಲು ಜಾಗ ಹುಡುಕುವಾಗ ಇದನ್ನೇ ನೋಡಲಿ ಎನ್ನುತ್ತೇನೆ. ಏಕಾಂತ ಆಮೇಲೆ ಬೇಕಾದಷ್ಟು ಸಿಗುತ್ತದೆ.

ಒಂದು ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಓಟ, ಆಮೇಲೆ ಅದರ ಎರಡರಷ್ಟು ನಡಿಗೆ. ಶುರುವಾದದ್ದು ಹೀಗೆ. ಓಡುವುದಕ್ಕಿಂತ ನಿಲ್ಲುವುದೇ ಕಷ್ಟವಾಗಿತ್ತು. ನಿಂತ ಕೂಡಲೇ ಕಣ್ಣಿಗೆ ಮಂಜು ಕವಿದಂತಾಗಿ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಬೇಲಿಯ ಕಂಬ ಹಿಡಿದು ನಿಂತ ನನ್ನನ್ನು ನೋಡಿ, ದಿನವೂ ಅಲ್ಲಿ ಓಡುವ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು, "ನಿಲ್ಲಬೇಡಿ ತಾಯಿ, ನಡೆಯುತ್ತಿರಿ" ಎಂದು ತಾವೂ ಜೊತೆಗೆ ನಡೆದರು. ಓಡುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲವಾಗುತ್ತಾ ಕಾಲಿನ ರಕ್ತವನ್ನು ಮೇಲಕ್ಕೆ ನೂಕುತ್ತಿರುತ್ತವೆ. ದಿಢೀರನೆ ನಿಂತರೆ ಆ ನೂಕು ನಿಂತು ರಕ್ತ ಕಾಲಿನಲ್ಲೇ ಉಳಿಯುತ್ತದೆ, ತಲೆ ತೇಲುತ್ತದೆ. ಐದು ನಿಮಿಷ ನಡೆದರೆ ಸರಿಹೋಗುತ್ತದೆ. ಅವರು ಇದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಆ ಮಾತು ನನಗೆ ಎಷ್ಟು ದೊಡ್ಡ ಔಷಧವಾಯಿತೆಂದು ಅವರಿಗೆ ಗೊತ್ತಿಲ್ಲ. ಕಾರಣ ತಿಳಿದ ತಲೆಸುತ್ತು ಬರೀ ತಲೆಸುತ್ತಾಗಿ ಉಳಿಯಿತು.

ಅಂದಿನಿಂದ ನನ್ನ ಅಭ್ಯಾಸದ ಮುಖ್ಯ ಭಾಗ ಓಟದ ನಂತರದ ಆ ನಡಿಗೆಯೇ. ಮಣಿಕಟ್ಟು ಮುಟ್ಟದೆ ಬಡಿತವನ್ನು ಕೇಳಿಸಿಕೊಳ್ಳುತ್ತಾ ನಡೆಯುತ್ತೇನೆ. ನಿಧಾನ ಮಾಡಿದ ಮೊದಲ ಗಳಿಗೆಯಲ್ಲಿ ಅದು ಕಿವಿಯೊಳಗೆ ಬಡಿಯುತ್ತಿರುತ್ತದೆ. ಒಂದಷ್ಟು ಹೆಜ್ಜೆ ಹಾಕಿದ ಮೇಲೆ ಕಿವಿ ಬಿಟ್ಟು ಗಂಟಲಿನ ಪಕ್ಕಕ್ಕೆ ಬರುತ್ತದೆ. ಆಮೇಲೆ ಎದೆಯ ಗೂಡಿಗೆ. ಕೊನೆಗೆ ಹುಡುಕಿದರೂ ಸಿಗುವುದಿಲ್ಲ, ಕೆರೆಯ ಹೆಜ್ಜಾರ್ಲೆಗಳು ರೆಕ್ಕೆ ಬಡಿಯುವ ಸದ್ದು, ಹಿಂದಿನಿಂದ ಬರುವವರ ಮಾತು ಕೇಳತೊಡಗುತ್ತದೆ. ಕಿವಿಯಿಂದ ಗಂಟಲು, ಗಂಟಲಿನಿಂದ ಎದೆ, ಈ ಇಳಿತವನ್ನು ಗುರುತಿಸುವುದನ್ನು ಕಲಿತದ್ದೇ ನನ್ನ ಪಾಲಿಗೆ ಓಟದ ಅತಿ ದೊಡ್ಡ ಲಾಭ.

ವೇಗದ ಬಗ್ಗೆ ಮೇಷ್ಟ್ರು ಹೇಳಿದ ಸೂತ್ರ ಒಂದೇ: ಮಾತಾಡುತ್ತಾ ಓಡಲು ಆಗಬೇಕು. ಒಬ್ಬಳೇ ಇದ್ದಾಗ ಯಾರೊಡನೆ ಮಾತಾಡುವುದು? ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತೇನೆ, ಮೆಲ್ಲಗೆ, ಬಾಯಿಬಿಟ್ಟು. ಹದಿಮೂರೇಳಲ ತೊಂಬತ್ತೊಂದು, ಹದಿಮೂರೆಂಟಲ ನೂರನಾಲ್ಕು. ಸಾಲಿನ ನಡುವೆ ಉಸಿರು ತುಂಡಾದರೆ ಕಾಲು ನಿಧಾನ ಮಾಡುತ್ತೇನೆ. ಇದರಿಂದ ಇನ್ನೊಂದು ಅನುಕೂಲವಾಯಿತು. ಆತಂಕದ ಮನಸ್ಸು ಒಂದೇ ಯೋಚನೆಯನ್ನು ಗಾಣದೆತ್ತಿನಂತೆ ಸುತ್ತುತ್ತದೆ. ಹೆಜ್ಜೆ, ಉಸಿರು, ಮಗ್ಗಿ ಮೂರನ್ನೂ ಒಟ್ಟಿಗೆ ನಡೆಸುವಾಗ ಆ ಸುತ್ತಾಟಕ್ಕೆ ಜಾಗವಿರುವುದಿಲ್ಲ. ಯೋಚನೆ ಓಡಿಹೋಗುವುದಿಲ್ಲ, ಅಷ್ಟು ಹೊತ್ತು ಹೊರಗೆ ಕಾಯುತ್ತದೆ. ಮರಳಿ ಬಂದಾಗ ಅದರ ಗಾತ್ರ ಕಡಿಮೆಯಾಗಿರುತ್ತದೆ.

ಓಡಿದ ಮೇಲಿನ ಹಗುರಕ್ಕೆ ಮೈಯಲ್ಲೇ ಹುಟ್ಟುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಕಾರಣ ಎಂದು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಆದರೆ ರಕ್ತದಲ್ಲಿ ಏರುವ ಎಂಡಾರ್ಫಿನ್ ಮಿದುಳಿನೊಳಕ್ಕೆ ಸುಲಭವಾಗಿ ದಾಟುವುದಿಲ್ಲ. ಹ್ಯಾಂಬರ್ಗ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಡಾರ್ಫಿನ್ ಕೆಲಸ ಮಾಡದಂತೆ ಔಷಧ ಕೊಟ್ಟು ಓಡಿಸಿದರೂ ಜನರಿಗೆ ಹಗುರವೆನಿಸಿತು, ಆತಂಕ ಇಳಿಯಿತು. ದೇಹವೇ ತಯಾರಿಸುವ ಅನಾಂಡಮೈಡ್‌ನಂತಹ ಎಂಡೊಕ್ಯಾನಬಿನಾಯ್ಡ್‌ಗಳ ಕಡೆಗೆ ಈಗ ವಿಜ್ಞಾನಿಗಳ ಗಮನ ಹರಿದಿದೆ. ಇವು ಮಿದುಳಿಗೆ ಸಲೀಸಾಗಿ ದಾಟುತ್ತವೆ. ಮಧ್ಯಮ ವೇಗದ ಓಟಕ್ಕೇ ಇವು ಚೆನ್ನಾಗಿ ಏರುತ್ತವೆ ಎಂಬುದು ನನ್ನಂತಹ ನಿಧಾನದವರಿಗೆ ಸಂತೋಷದ ಸಂಗತಿ.

ಅಳುವಿನ ವಿಷಯ ಹೇಳಲೇಬೇಕು. ಅಪ್ಪ ಹೋದಾಗ ಅಮ್ಮನ ಮುಂದೆ ಗಟ್ಟಿಯಾಗಿರಬೇಕು ಎಂದು ನಾನು ಅತ್ತಿರಲಿಲ್ಲ. ಮೈ ಚೆನ್ನಾಗಿ ಬಿಸಿಯಾಗಿ, ಉಸಿರು ಹದಕ್ಕೆ ಬಂದಿದ್ದ ಒಂದು ಬೆಳಿಗ್ಗೆ ಮಗ್ಗಿ ತಾನಾಗಿಯೇ ನಿಂತು ಕಣ್ಣೀರು ಬಂತು. ಓಡುತ್ತಲೇ ಇದ್ದೆ. ಮುಖವೆಲ್ಲ ಬೆವರಾಗಿದ್ದರಿಂದ ಯಾರೂ ಗಮನಿಸಲಿಲ್ಲ. ಆಮೇಲೂ ಹಲವು ಸಲ ಹೀಗಾಯಿತು. ಸಮಾಲೋಚಕಿಗೆ ಹೇಳಿದಾಗ, ತಡೆಯಬೇಡಿ ಎಂದರು. ಭಯದ ಅಡಿಯಲ್ಲಿ ಮುಚ್ಚಿಹೋಗಿದ್ದ ದುಃಖಕ್ಕೆ ದಾರಿ ಸಿಕ್ಕ ಮೇಲೆಯೇ ರಾತ್ರಿಯ ಎಚ್ಚರಗಳು ಕಡಿಮೆಯಾದವು. ಒಂದರಿಂದಲೇ ಇನ್ನೊಂದಾಯಿತು ಎಂದು ಸಾಧಿಸಿ ತೋರಿಸಲಾರೆ, ಆದರೆ ನನ್ನ ನಂಬಿಕೆ ಅದೇ.

ಎದೆಬಡಿತ ತೋರಿಸುವ ವಾಚನ್ನು ನಾನು ಕಟ್ಟುವುದಿಲ್ಲ. ಓಟದ ತರಬೇತಿಗೆ ಅದು ಒಳ್ಳೆಯ ಸಾಧನವೇ ಇರಬಹುದು. ನಾಡಿ ಎಣಿಸುವ ಚಟವಿದ್ದವರ ಕೈಗೆ ಅದನ್ನು ಕಟ್ಟುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಕಾರಣಕ್ಕೆ ಯಾರೊಂದಿಗೂ ಕಿಲೋಮೀಟರು, ನಿಮಿಷಗಳ ಲೆಕ್ಕ ಹಾಕುವುದಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಖಿನ್ನತೆ, ಆತಂಕ ಇರುವ 141 ಜನರಲ್ಲಿ ಮಾತ್ರೆಯನ್ನೂ ಓಟವನ್ನೂ ಹೋಲಿಸಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹದಿನಾರು ವಾರಗಳ ನಂತರ ಎರಡೂ ಗುಂಪುಗಳಲ್ಲಿ ಶೇಕಡ 44ರ ಆಸುಪಾಸು ಜನ ಚೇತರಿಸಿಕೊಂಡಿದ್ದರು. ಮಾತ್ರೆಯ ಗುಂಪಿನಲ್ಲಿ ಶೇಕಡ 82 ಜನ ಹೇಳಿದಂತೆ ನಡೆದುಕೊಂಡರು, ಓಟದ ಗುಂಪಿನಲ್ಲಿ ಶೇಕಡ 52 ಮಾತ್ರ. ಓಟದ ನಿಜವಾದ ತೊಡಕು ಇದು, ಮತ್ತು ಇದಕ್ಕೆ ಮನೋಬಲದ ಉಪದೇಶ ಉತ್ತರವಾಗಲಾರದು. ಸಂಸಾರಸ್ಥ ಹೆಂಗಸಿಗೆ ಬೆಳಗಿನ ಆರೂಕಾಲು ಅಡುಗೆಮನೆಯ ಹೊತ್ತು. ಯಜಮಾನರು ಮಗನ ಊಟದ ಡಬ್ಬಿಯ ಜವಾಬ್ದಾರಿ ವಹಿಸಿಕೊಂಡದ್ದರಿಂದ ನನ್ನ ಓಟ ಉಳಿಯಿತು. ಒಬ್ಬಳೇ ಓಡುತ್ತಾಳೆಂದರೆ ಬೀದಿಯವರು ಏನೆಂದಾರು ಎಂದು ಅತ್ತೆ ಮೊದಮೊದಲು ಕೇಳುತ್ತಿದ್ದರು. ರಾತ್ರಿ ನಾನು ಎದ್ದು ಕೂರುವುದು ನಿಂತದ್ದನ್ನು ಎಲ್ಲರಿಗಿಂತ ಮೊದಲು ಗಮನಿಸಿದವರೂ ಅವರೇ. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಚೂಡಿದಾರದ ಮೇಲೆ ಶೂ ಹಾಕಿಕೊಂಡು ಓಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದನ್ನು ಕೆರೆಯ ಸುತ್ತ ನಡೆಯುವ ಹಿರಿಯ ಹೆಂಗಸರನ್ನು ನೋಡಿಯೇ ನಾನು ಕಲಿತೆ.

ನನ್ನ ಕಥೆ ಓದಿ ಯಾರೂ ಎದೆನೋವನ್ನು ಆತಂಕವೆಂದು ತಳ್ಳಿಹಾಕಬಾರದು. ಎದೆ ಹಿಸುಕಿದಂತಹ ನೋವು, ತೋಳಿಗೋ ದವಡೆಗೋ ಹಬ್ಬುವ ನೋವು, ಓಡುವಾಗ ಪ್ರಜ್ಞೆ ತಪ್ಪುವುದು, ಇವಕ್ಕೆ ನೇರವಾಗಿ ಆಸ್ಪತ್ರೆಯೇ ದಾರಿ. ರಕ್ತಹೀನತೆಯಿಂದಲೂ ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ. ಪರೀಕ್ಷೆ ಮಾಡಿಸಿಕೊಂಡೇ ಓಟ ಶುರು ಮಾಡಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ 2022ರ ಅಕ್ಟೋಬರಿನಿಂದ ಮಾನಸಿಕ ಆರೋಗ್ಯಕ್ಕೆಂದೇ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗಾಬರಿ ಈಗ ಬರುವುದೇ ಇಲ್ಲವೆಂದಲ್ಲ. ಬೆಂಗಳೂರಿನಿಂದ ಮರಳುವಾಗ ಕೆಂಗೇರಿಯಲ್ಲಿ ಬಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಕಿಟಕಿಯ ಪಕ್ಕ ಕೂತಿದ್ದ ನನಗೆ ಬೆರಳು ತಣ್ಣಗಾಯಿತು, ಬಡಿತ ಕಿವಿಗೇರಿತು. ಇಳಿದು ಓಡಿಬಿಡಬೇಕು ಎಂಬ ಹಳೆಯ ತವಕ ಎದ್ದಿತು. ಇದು ಕಿವಿಯಲ್ಲಿದೆ, ಇನ್ನು ಗಂಟಲಿಗೆ ಬರಬೇಕು ಎಂದುಕೊಂಡು ಉಸಿರನ್ನು ಉದ್ದವಾಗಿ ಬಿಡುತ್ತಾ ಹದಿಮೂರರ ಮಗ್ಗಿ ಹಿಡಿದೆ. ಮೊದಲ ಸಲ ಹೇಳಿ ಮುಗಿಸಿದಾಗ ಏನೂ ಇಳಿದಿರಲಿಲ್ಲ. ಮತ್ತೆ ಶುರುವಿನಿಂದ ಹೇಳಿದೆ. ಮೂರನೆಯ ಸಲದ ನಡುವೆ ಎಲ್ಲೋ ಬಡಿತ ಗಂಟಲಿಗೆ ಇಳಿದದ್ದು ಗೊತ್ತಾಯಿತು. ರಾಮನಗರ ದಾಟುವಾಗ ನಿದ್ದೆ ಮಾಡುತ್ತಿದ್ದೆ. ಕಳೆದ ಆಷಾಢದಲ್ಲಿ ನಾದಿನಿಯ ಜೊತೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತಿದೆ. ನಂದಿಯ ಹತ್ತಿರ ಇಬ್ಬರಿಗೂ ಏದುಸಿರು ಬಂತು, ಇಬ್ಬರೂ ನೀರು ಕುಡಿದು ಮೇಲೆ ಹತ್ತಿದೆವು.

ನಮ್ಮ ಶಾಖೆಯಲ್ಲೇ ಕೆಲಸ ಮಾಡುವ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಇದೇ ತೊಂದರೆ ಇದೆ. ವೈದ್ಯರನ್ನು ಕಂಡಾಗಿದೆ, ಇಸಿಜಿ ಸರಿಯಾಗಿದೆ. ಮೊನ್ನೆ ಊಟದ ಹೊತ್ತಿನಲ್ಲಿ, "ಅಕ್ಕಾ, ನಿಮ್ಮ ಜೊತೆ ಒಂದು ದಿನ ಬರಲೇ?" ಎಂದು ಕೇಳಿದರು. ಸೋಮವಾರದಿಂದ ಬರುತ್ತಿದ್ದಾರೆ. ಸದ್ಯಕ್ಕೆ ಎರಡನೆಯ ಬೆಂಚಿನವರೆಗೆ ಓಡುತ್ತೇವೆ, ಆಮೇಲೆ ನಡೆಯುತ್ತೇವೆ. ಅವರಿಗೆ ಹದಿಮೂರರ ಮಗ್ಗಿ ಬರುವುದಿಲ್ಲವಂತೆ, ಹನ್ನೆರಡರದ್ದು ಹೇಳಿಕೊಳ್ಳುತ್ತಾರೆ.